ಮಳೆ ನಿಂತ ಮೇಲೆ ನಾಯಿ ಕರ್ಕೊಂಡು ಊರಿಗೆ ಹೋಗ್ತಿದೀವಿ, ಗದ್ದೆ ಬಯಲು ತಿರುಗಾಟಕ್ಕೆ ಏನೇನು ನೋಡ್ಕೋಬೇಕು?

ಚುಕ್ಕಿ_ಅಮ್ಮ:

ಎಲ್ರಿಗೂ ನಮಸ್ಕಾರ. ನಾವಿರೋದು ಬೆಂಗಳೂರಲ್ಲಿ, ಮನೇಲಿ ಚುಕ್ಕಿ ಅಂತ ನಾಡುನಾಯಿ ಇದಾಳೆ, ಬೀದೀಲಿ ಸಿಕ್ಕಿದ ಮರಿ, ಈಗ ನಾಲ್ಕು ವರ್ಷ ಆಯ್ತು, ಕಂದು ಮೈ, ಹಣೇಲಿ ಬಿಳಿ ಮಚ್ಚೆ. ವರ್ಷಪೂರ್ತಿ ಅವಳಿಗೆ ಅಪಾರ್ಟ್‌ಮೆಂಟ್ ಕಾಂಪೌಂಡು, ಎದುರಿನ ರೋಡು, ಲಿಫ್ಟು ಇಷ್ಟೇ. ಹೋದ್ವರ್ಷ ದೀಪಾವಳಿಗೆ ಸಾಗರದ ಹತ್ರ ನಮ್ಮ ಯಜಮಾನ್ರ ಊರಿಗೆ ಕರ್ಕೊಂಡು ಹೋಗಿದ್ವಿ, ಬೆಳಿಗ್ಗೆ ಗದ್ದೆ ಅಂಚಿನ ಮೇಲೆ ಬಿಟ್ಟಾಗ ಅವಳನ್ನ ನೋಡ್ಬೇಕಿತ್ತು. ಏಡಿ ತೂತು ಸಿಕ್ಕಿದ ಕಡೆಯೆಲ್ಲ ಮೂತಿ ಒಳಗಿಟ್ಟು ಜೋರಾಗಿ ಉಸಿರೆಳೆಯೋದು, ಸೀನೋದು, ಮತ್ತೆ ಮುಂದಿನ ತೂತಿಗೆ ಓಡೋದು. ಇಬ್ಬನಿಗೆ ಹೊಟ್ಟೆ ಕೆಳಗಿನ ಕೂದ್ಲೆಲ್ಲ ಒದ್ದೆ, ಮೂಗಿನ ಮೇಲೆ ಕೆಸರು, ಕಿವಿ ಎರಡೂ ಹಿಂದಕ್ಕೆ ಮಲಗಿಸ್ಕೊಂಡು ತೆನೆ ಬಾಗಿದ ಗದ್ದೆ ಪಕ್ಕ ಓಡ್ತಾನೇ ಇದ್ಲು. ಅಷ್ಟು ಖುಷಿಯಾಗಿ ಅವಳನ್ನ ಬೆಂಗಳೂರಲ್ಲಿ ನಾನು ನೋಡೇ ಇಲ್ಲ.

ಆಗ ಇದ್ದಿದ್ದು ಹಬ್ಬದ ಮಟ್ಟಿಗೆ ಅಷ್ಟೇ. ಈ ಸಲ ದಸರಾ ರಜೆಗೆ ಹೋಗಿ ದೀಪಾವಳಿ ಮುಗಿಸ್ಕೊಂಡೇ ಬರೋಣ ಅಂತಿದೀವಿ, ಇಬ್ರಿಗೂ ಮನೆಯಿಂದಲೇ ಕೆಲಸ ಮಾಡಬಹುದು, ಊರಲ್ಲಿ ನೆಟ್ ಬಂದಿದೆ. ದಿನಾ ಬೆಳಿಗ್ಗೆ ಸಂಜೆ ಅವಳ ಜೊತೆ ಗದ್ದೆ, ತೋಟ, ಬೆಟ್ಟದ ಕಡೆ ಸುತ್ತಬೇಕು ಅನ್ನೋದೇ ದೊಡ್ಡ ಆಸೆ. ಆದ್ರೆ ಅತ್ತೆ ಫೋನಲ್ಲಿ ಇಂಬಳ (ಜಿಗಣೆ) ಇನ್ನೂ ಇದೆ, ಉಣುಗು (ಉಣ್ಣೆ ಹುಳ) ಹತ್ತುತ್ತೆ, ಮಂಗನ ಕಾಯಿಲೆ ಕಾಲ ಬರ್ತಾ ಇದೆ ಅಂತ ಹೇಳ್ತಾರೆ, ಯಜಮಾನ್ರು ಹಾವಿನ ಬಗ್ಗೆ ಹೇಳ್ತಾರೆ, ಫ್ರೆಂಡ್ ಒಬ್ಳು ಚಿರತೆ ಅಂತಾಳೆ. ಯಾವ ವಾರದಿಂದ ಓಡಾಡೋಕೆ ಚೆನ್ನಾಗಿರುತ್ತೆ, ಬೆಲ್ಟ್ ಬಿಚ್ಚಿ ಓಡೋಕೆ ಬಿಡಬಹುದಾ, ಊರಿನ ನಾಯಿಗಳ ಜೊತೆ ಹೇಗೆ, ಏನೇನು ಜೊತೆಗೆ ತಗೊಂಡು ಹೋಗ್ಬೇಕು? ನೀವು ನಿಮ್ಮ ನಾಯಿ ಜೊತೆ ಈ ಕಾಲದಲ್ಲಿ ಎಲ್ಲೆಲ್ಲಿ ತಿರುಗ್ತೀರಾ ಅದನ್ನೂ ಬರೀರಿ, ಓದೋಕೆ ತುಂಬಾ ಇಷ್ಟ.

ತೀರ್ಥಳ್ಳಿ_ಕಡೆಯವ:

ಅಕ್ಕಾ ಖಂಡಿತ ಬನ್ನಿ, ನಮ್ಮ ಕಡೆ ನಾಯಿ ಜೊತೆ ತಿರುಗೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆ ಬಾಗಿಲು ದಾಟಿದ್ರೆ ನೀರು, ಮಾರ್ಚ್ ಆದ್ಮೇಲೆ ಬಿಸಿಲು. ಈ ನಡುವಿನ ಆಶ್ವೀಜ ಕಾರ್ತಿಕ ಅಂದ್ರೆ ಹಳ್ಳದಲ್ಲಿ ನೀರು ತಿಳಿಯಾಗಿರುತ್ತೆ, ಕಾಲುದಾರಿ ಕಾಣಿಸುತ್ತೆ, ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಎಳೆ ಬಿಸಿಲು.

ಇಂಬಳದ ವಿಷಯ. ಹಸ್ತ ಮಳೆ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಅಕ್ಟೋಬರ್ ಎರಡನೇ ವಾರದ ತನಕ, ಆಮೇಲೆ ಚಿತ್ತೆ. ಚಿತ್ತೆ ಮಳೆ ನಂಬೋ ಹಾಗಿಲ್ಲ, ಮಧ್ಯಾಹ್ನ ಗುಡುಗಿ ಸಂಜೆ ಸುರಿದು ಹೋಗುತ್ತೆ. ಅಷ್ಟು ದಿನ ತರಗೆಲೆ ಒದ್ದೆ ಇರೋ ತೋಟದಲ್ಲಿ, ಕಾಡಿನ ನೆರಳಲ್ಲಿ ಇಂಬಳ ಇದ್ದೇ ಇರುತ್ತೆ. ಬಿಸಿಲು ಬೀಳೋ ಗದ್ದೆ ಬಯಲಲ್ಲಿ ಕಮ್ಮಿ. ಅದಕ್ಕೆ ಬಂದ ಹೊಸದ್ರಲ್ಲಿ ಬಯಲಿನ ಕಡೆ ಹೋಗಿ, ತೋಟ ಬೆಟ್ಟ ಎಲ್ಲ ಸ್ವಾತಿ ಮಳೆ ಹೊತ್ತಿಗೆ ಇಟ್ಕೊಳ್ಳಿ. ನಾಯಿಗೆ ಇಂಬಳ ಹತ್ತೋದು ಬೆರಳ ಸಂದಿ, ತುಟಿ ಅಂಚು, ಕಣ್ಣಿನ ಹತ್ರ, ಮತ್ತೆ ಮೂಗಿನ ಹೊಳ್ಳೆ ಒಳಗೆ. ಮನೆಗೆ ಬಂದ ಕೂಡ್ಲೆ ಜಗಲಿ ಮೇಲೆ ಕೂರಿಸಿ ಒಂದೊಂದೇ ಪಾದ ಬಿಡಿಸಿ ನೋಡಿ. ಬೆರಳ ಸಂದೀದು ಉಪ್ಪು ನೀರು ತಾಗಿಸಿದ್ರೆ ಬಿಡುತ್ತೆ. ನಾವು ಕಾಲಿಗೆ ಹೊಗೆಸೊಪ್ಪಿನ ಪುಡಿ ಹಚ್ಕೊಳ್ತೀವಲ್ಲ ಅದನ್ನ ನಾಯಿಗೆ ಮಾಡ್ಬೇಡಿ, ನೆಕ್ಕಿದ್ರೆ ವಿಷ. ಮೂಗೊಳಗೆ ಹೋಗಿದ್ರೆ ಒಂದೇ ಹೊಳ್ಳೇಲಿ ರಕ್ತ ಬರೋದು, ಪದೇ ಪದೇ ಸೀನೋದು ಕಾಣುತ್ತೆ, ಅದನ್ನ ಡಾಕ್ಟರೇ ತೆಗೀಬೇಕು.

ನಿಮ್ಮ ಅತ್ತೆ ಹೇಳಿದ್ದು ನಿಜ, ಮಂಗನ ಕಾಯಿಲೆ ಹುಡುಗಾಟ ಅಲ್ಲ. 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 2018-19ರಲ್ಲಿ ನಿಮ್ಮ ಸಾಗರ ತಾಲೂಕಿನ ಅರಳಗೋಡು ಸುತ್ತ ಎಷ್ಟು ಜನ ಸತ್ರು ಅಂತ ಊರಲ್ಲಿ ಕೇಳಿ, ಹೇಳ್ತಾರೆ. ಮಳೆ ಪೂರ್ತಿ ಬಿಟ್ಟು ಎಲೆ ಒಣಗಿದ ಮೇಲೆ ಸಣ್ಣ ಉಣುಗು ಏಳೋದು, ಕಾಯಿಲೆ ಜೋರಾಗೋದು ಡಿಸೆಂಬರ್‌ನಿಂದ ಮೇ ತನಕ. ನೀವು ಇರೋ ದಿನ ಅದಕ್ಕಿಂತ ಸ್ವಲ್ಪ ಮುಂಚೆ, ಆದ್ರೂ ಮಂಗ ಸತ್ತಿದೆ ಅಂತ ಸುದ್ದಿ ಬಂದ ಕಾಡಿನ ಕಡೆ ನಾಯೀನೂ ಬೇಡ ನೀವೂ ಬೇಡ. ಕಾಡಿಗೆ ಹೋಗಿ ಬಂದ ನಾಯೀನ ಮೈ ನೋಡದೆ ಹಾಸಿಗೆ ಮೇಲೆ ಬಿಡ್ಬೇಡಿ, ಕಾಯಿಲೆ ಬರೋದು ಅದಕ್ಕಲ್ಲ, ಅದು ಹೊತ್ಕೊಂಡು ಬಂದ ಉಣುಗು ಕಚ್ಚೋದು ನಮಗೆ. ನೀವು ತುಂಬು ತೋಳಿನ ಬಟ್ಟೆ, ಕಾಲಿಗೆ ಸಾಕ್ಸ್ ಹಾಕ್ಕೊಂಡೇ ಹೋಗಿ. ಊರಲ್ಲಿ ಉಣುಗು ಹತ್ತದ ಹಾಗೆ ಮೈಗೆ ಹಚ್ಚೋಕೆ ಡೇಪಾ ಎಣ್ಣೆ ಕೊಡ್ತಾರೆ, ಅದು ಮನುಷ್ಯರಿಗೆ ಮಾತ್ರ.

ನನಗೆ ಎಲ್ಲಕ್ಕಿಂತ ಹೆದರಿಕೆ ಉರುಳು ಮತ್ತೆ ಸಿಡಿಮದ್ದು. ಭತ್ತ ಹಾಲುಗಟ್ಟೋ ಹೊತ್ತಿಗೆ ಹಂದಿ ಕಾಟ ಶುರು, ಕೆಲವ್ರು ಕದ್ದು ಬೇಲಿ ಸಂದೀಲಿ ತಂತಿ ಉರುಳು ಹಾಕ್ತಾರೆ, ಇನ್ನು ಕೆಲವ್ರು ತಿನ್ನೋ ಪದಾರ್ಥದೊಳಗೆ ಮದ್ದು ಇಟ್ಟು ಎಸೀತಾರೆ. ಕಾನೂನಿಗೆ ವಿರುದ್ಧ, ಆದ್ರೂ ನಡೀತದೆ, ಅದಕ್ಕೆ ಬಲಿಯಾಗೋದರಲ್ಲಿ ಊರ ನಾಯಿಗಳು ಮತ್ತೆ ದನ ಜಾಸ್ತಿ. ಕಾಡಂಚಿನ ಗದ್ದೆ ಯಾರದ್ದು, ಅಲ್ಲಿ ಕರೆಂಟ್ ಬೇಲಿ ಇದ್ಯಾ ಅಂತ ಮಾವನ ಹತ್ರ ಮೊದಲೇ ಕೇಳ್ಕೊಳ್ಳಿ. ಅಂಥ ಕಡೆ ಬೆಲ್ಟ್ ಬಿಚ್ಚಲೇಬೇಡಿ.

ಭೂಮಿ ಹುಣ್ಣಿಮೆಗೆ ಊರಲ್ಲಿ ಇರೋ ಹಾಗೆ ಬನ್ನಿ ಅಕ್ಕಾ. ದಸರಾ ಆದ್ಮೇಲೆ ಬರೋ ಹುಣ್ಣಿಮೆ, ಗದ್ದೆ ಬಸಿರಿ ಅಂತ ಬಯಕೆ ಊಟ ಬಡಿಸೋ ಹಬ್ಬ. ಹಿಂದಿನ ರಾತ್ರಿಯೆಲ್ಲ ಅಡುಗೆ, ಬೆಳಕು ಹರಿಯೋ ಮುಂಚೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟೀಲಿ ತುಂಬ್ಕೊಂಡು ದೊಂದಿ ಹಿಡಿದು ಹೋಗಿ ಗದ್ದೆಗೆಲ್ಲ ಚರಗ ಬೀರ್ತಾರೆ, ಕೂಗು ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಕೇಳುತ್ತೆ. ನಮ್ಮನೆ ಕಾಳ ಪ್ರತಿ ವರ್ಷ ಅಪ್ಪನ ಹಿಂದೇನೇ ಹೋಗ್ತಾನೆ, ಕತ್ತಲಲ್ಲಿ ಅವನ ಕುತ್ತಿಗೆ ಗೆಜ್ಜೆ ಮಾತ್ರ ಕೇಳ್ತಿರುತ್ತೆ. ಒಂದೇ ಒಂದು ಮಾತು, ಚರಗ ಭೂಮಿತಾಯಿಗೆ ಇಟ್ಟಿದ್ದು, ನಾಯಿ ಹೋಗಿ ಬಾಯಿ ಹಾಕಿದ್ರೆ ಹಿರಿಯರಿಗೆ ಬೇಜಾರಾಗುತ್ತೆ. ಚುಕ್ಕಿ ಹೊಟ್ಟೆ ತುಂಬ ಊಟ ಮಾಡಿಸಿ, ಬೆಲ್ಟ್ ಕೈಯಲ್ಲಿ ಹಿಡ್ಕೊಂಡು ಕರ್ಕೊಂಡು ಹೋಗಿ. ಮನೆಗೆ ಬಂದ್ಮೇಲೆ ಅವಳ ಪಾಲಿನ ಕಡುಬು ಅವಳಿಗೆ.

ಹಾಸನದ_ಪಶುವೈದ್ಯ:

ಮೇಡಂ, ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ವೈದ್ಯಕೀಯ ವಿಷಯ ನಾನು ಸೇರಿಸ್ತೀನಿ.

ಹೊರಡೋಕೆ ಮೂರ್ನಾಲ್ಕು ವಾರ ಮುಂಚೆನೇ ನಿಮ್ಮ ಡಾಕ್ಟರ್ ಹತ್ರ ಹೋಗಿ. ರೇಬೀಸ್ ಲಸಿಕೆ ವರ್ಷದ್ದು ಆಗಿದ್ಯಾ ನೋಡ್ಕೊಳ್ಳಿ, ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುತ್ತ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೀತವೆ. ಇಲಿಜ್ವರ, ಅಂದ್ರೆ ಲೆಪ್ಟೊಸ್ಪೈರೋಸಿಸ್ ಲಸಿಕೆ ಸೇರಿದೆಯಾ ಅಂತ ಬಿಡಿಸಿ ಕೇಳಿ. ಗದ್ದೆ ನೀರಲ್ಲಿ ಇಲಿ ಹೆಗ್ಗಣದ ಮೂತ್ರ ಸೇರಿರುತ್ತೆ, ನಾಯಿ ಆ ನೀರಲ್ಲಿ ನಡೆಯುತ್ತೆ, ಕುಡಿಯುತ್ತೆ, ಲಿವರ್ ಕಿಡ್ನಿ ಎರಡಕ್ಕೂ ಹೊಡೆತ. ಇದು ನಾಯಿಯಿಂದ ನಮಗೂ ಬರೋ ಕಾಯಿಲೆ. ಕುಡಿಯೋ ನೀರು ಬಾಟಲಿಯಲ್ಲಿ ನೀವೇ ತಗೊಂಡು ಹೋಗಿ, ಹೊರಗೆ ಹೊರಡೋ ಮುಂಚೆ ಮನೇಲೇ ಒಂದ್ಸಲ ಕುಡಿಸಿ, ಆಗ ಅಂಚಿನ ನೀರಿಗೆ ಬಾಯಿ ಹಾಕೋದು ಕಮ್ಮಿಯಾಗುತ್ತೆ.

ಉಣ್ಣೆಗೆ ಈಗ ತಿನ್ನಿಸೋ ಮಾತ್ರೆಗಳು ಬಂದಿವೆ, ತಿಂಗಳಿಗೊಂದು, ಮೂರು ತಿಂಗಳಿಗೊಂದು, ತೂಕ ನೋಡಿ ಕೊಡೋದು. ಫಿಟ್ಸ್ ಬರೋ ನಾಯಿ ಆದ್ರೆ ಡಾಕ್ಟರಿಗೆ ಹೇಳ್ಬೇಕು. ಊರಲ್ಲಿ ದನಕ್ಕೆ ಹಚ್ಚೋ ಉಣ್ಣೆ ಔಷಧಿ ಕೊಟ್ಟಿಗೇಲಿ ಇರುತ್ತೆ, ಪ್ರೀತಿಯಿಂದಲೇ ಯಾರಾದ್ರೂ ಹಚ್ಚೋಕೆ ಬರ್ತಾರೆ, ದಯವಿಟ್ಟು ಬೇಡ ಅನ್ನಿ. ದಿನಾ ಸಂಜೆ ಕೈಯಾಡಿಸಿ ನೋಡ್ಬೇಕಾದ ಜಾಗ ಹೇಳ್ತೀನಿ: ಕಿವಿ ಒಳಮಡಿಕೆ, ಬೆಲ್ಟಿನ ಕೆಳಗೆ, ಕಂಕುಳು, ಬೆರಳ ಸಂದಿ, ಬಾಲದ ಬುಡ. ಸಿಕ್ಕಿದ್ರೆ ಚಿಮ್ಮಟದಿಂದ ಚರ್ಮಕ್ಕೆ ತಾಗೋ ಹಾಗೆ ಬಾಯಿ ಹತ್ರ ಹಿಡಿದು ನೇರ ಮೇಲಕ್ಕೆ ಎಳೀಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ, ಕೈಯಲ್ಲಿ ಹಿಚುಕಲೂಬೇಡಿ. ಉಣ್ಣೆ ಜ್ವರ ಕಚ್ಚಿದ ದಿನವೇ ಕಾಣಲ್ಲ, ಒಂದರಿಂದ ಮೂರು ವಾರ ಹಿಡಿಯುತ್ತೆ, ಅಂದ್ರೆ ನೀವು ಬೆಂಗಳೂರಿಗೆ ವಾಪಸ್ ಬಂದ್ಮೇಲೂ ಕಾಣಿಸ್ಕೋಬಹುದು. ಊಟ ಬಿಡೋದು, ಮಂಕಾಗಿ ಮಲಗೋದು, ಒಸಡು ಬಿಳಿಚಿಕೊಳ್ಳೋದು, ಮೂಗಲ್ಲಿ ರಕ್ತ, ಇವು ಕಂಡ್ರೆ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದ್ರೆ ಮಾತ್ರೆಯಲ್ಲೇ ವಾಸಿಯಾಗೋ ಕಾಯಿಲೆ, ತಡ ಆದ್ರೆ ನಾಯಿ ಉಳಿಸೋದು ಕಷ್ಟ. ಜ್ವರ ಅಂತ ಮನುಷ್ಯರ ಪ್ಯಾರಾಸಿಟಮಾಲ್, ನೋವಿನ ಮಾತ್ರೆ ಕೊಡ್ಬೇಡಿ.

ಹಾವು: ಭತ್ತದ ಗದ್ದೇಲಿ ಇಲಿ ಇರೋದ್ರಿಂದ ಕೊಳಕುಮಂಡಲ, ನಾಗರ ಎರಡೂ ಇರ್ತವೆ, ಕೊಯ್ಲಿನ ಹೊತ್ತಿಗೆ ಹುಲ್ಲು ಕಂತೆ ಕೆಳಗೂ ಸಿಗ್ತವೆ. ಕಚ್ಚಿದ್ರೆ ಓಡಿಸ್ಬೇಡಿ, ಎತ್ಕೊಳ್ಳಿ, ಹಗ್ಗ ಕಟ್ಟೋದು ಕೊಯ್ಯೋದು ಮಾಡ್ಬೇಡಿ. ನಾಯಿಗೂ ಕೊಡೋದು ಮನುಷ್ಯರಿಗೆ ಕೊಡೋ ಅದೇ ಆಂಟಿವೆನಮ್. ಎಲ್ಲ ಪಶು ಆಸ್ಪತ್ರೇಲೂ ಸ್ಟಾಕ್ ಇರಲ್ಲ, ಆದ್ರಿಂದ ಊರಿಗೆ ಹೋದ ಮೊದಲ ದಿನವೇ ತಾಲೂಕು ಪಶು ಆಸ್ಪತ್ರೆಗೆ ಹೋಗಿ ಎಲ್ಲಿ ಸಿಗುತ್ತೆ ಅಂತ ಕೇಳಿ ನಂಬರ್ ಇಟ್ಕೊಳ್ಳಿ. 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ವಾಹನ ಬರುತ್ತೆ, ಅದು ಮುಖ್ಯವಾಗಿ ದನಕರುಗಳಿಗೆ ಇರೋದು, ಆದ್ರೂ ನಂಬರ್ ಗೊತ್ತಿರ್ಲಿ.

ಹಬ್ಬದ ಮನೆ ಅಂದ್ರೆ ಪಾಯಸ. ಅದ್ರಲ್ಲಿರೋ ಒಣದ್ರಾಕ್ಷಿ ನಾಯಿ ಕಿಡ್ನಿಗೆ ಹಾನಿ, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಪಲ್ಯನೂ ಬೇಡ. ಮನೆ ಮಕ್ಕಳಿಗೆ ಮೊದಲೇ ಹೇಳಿಡಿ.

ಮುಧೋಳ_ಸೀಮಿ:

ನಮಸ್ಕಾರ್ರಿ ಅಕ್ಕಾರ. ನಮ್ಮ ಕಡೆ ಇಂಬಳ ಗಿಂಬಳ ಏನೂ ಇಲ್ರಿ, ಬಯಲಂದ್ರ ಬಯಲು, ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ನೀವು ಎಲ್ಲೆಲ್ಲಿ ತಿರಗ್ತೀರಿ ಬರೀರಿ ಅಂದ್ರಲ್ಲ ಅದಕ್ಕ ಬರ್ಯಾಕತ್ತೀನಿ.

ನಮ್ಮ ಮನ್ಯಾಗ ಮುಧೋಳ ನಾಯಿ ಐತ್ರಿ, ಹೆಸರು ರಾಣಿ. ಉದ್ದನ ಮುಖ, ಸಣ್ಣ ನಡ, ಎದಿ ಅಗಲ, ಬೆನ್ನ ಮ್ಯಾಲೆ ಕೈ ಇಟ್ರ ಎಲಬು ಎಣಸಬಹುದು, ಊಟ ಹಾಕಂಗಿಲ್ಲೇನ್ರಿ ಅಂತ ಪ್ಯಾಟಿ ಮಂದಿ ಕೇಳ್ತಾರ, ಆದ್ರ ಆ ತಳಿನ ಹಂಗ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿ ಉಳಿಸಿ ಬೆಳಸಿದ್ರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದ್ ಜೋಡಿ ಕೊಟ್ಟಿದ್ರಂತ ನಮ್ಮ ಕಡೆ ಇವತ್ತಿಗೂ ಹೇಳ್ತಾರ. 2005ರಾಗ ಅಂಚೆ ಇಲಾಖೆಯವರು ಸ್ಟ್ಯಾಂಪ್ ತಂದ್ರು, ತಿಮ್ಮಾಪುರದಾಗ ಇದಕ್ಕಂತನ ಸಂಶೋಧನಾ ಕೇಂದ್ರ ಐತಿ, ಮಿಲಿಟರಿಯವರೂ ಮರಿ ಒಯ್ದು ಟ್ರೇನಿಂಗ್ ಕೊಟ್ಟಾರ.

ಈ ಕಾಲದಾಗ ನಮ್ಮ ದಿನ ಹೆಂಗಂದ್ರ, ಸಜ್ಜಿ ಕೊಯ್ದು ಆಗಿರ್ತೈತಿ, ಬಿಳಿಜ್ವಾಳ ಬಿತ್ತಿ ಸಾಲು ಹಿಡದು ಸಸಿ ಎದ್ದಿರ್ತಾವ, ತೊಗರಿ ಹೂವಿಗೆ ಬಂದಿರ್ತೈತಿ. ನಸಿಕಿನ್ಯಾಗ ಎದ್ದು ಚಾ ಕುಡದು ರಾಣಿನ್ನ ಕರಕೊಂಡು ಬದುವಿನ ಮ್ಯಾಲೆ ಹೊಂಟ್ರ ಸೂರ್ಯ ಮೂಡೂತನಕ ಯಾರೂ ಇರಂಗಿಲ್ಲ. ಆಕಿ ನಡೀತಾ ನಡೀತಾ ಒಮ್ಮೆಲೇ ನಿಂತಬಿಡ್ತಾಳ. ಮುಂದಿನ ಒಂದ್ ಕಾಲು ಮ್ಯಾಲೆತ್ತಿ, ಕಿವಿ ಅರ್ಧ ಎತ್ತಿ, ಮೂಗಲ್ಲ, ಕಣ್ಣಿಂದ ನೋಡ್ತಾಳ. ನಾ ಆ ಕಡೆ ನೋಡಿದ್ರ ನನಗ ಏನೂ ಕಾಣಂಗಿಲ್ಲ, ಬರೇ ಮಣ್ಣು. ಸ್ವಲ್ಪ ಹೊತ್ತಿಗೆ ಆ ಮಣ್ಣಿನ ಹೆಂಟಿ ಪಕ್ಕದಿಂದ ಮೊಲ ಎದ್ದು ಓಡ್ತೈತಿ. ಬೆಲ್ಟ್ ನನ್ನ ಕೈಯಾಗ ಇರ್ತೈತ್ರಿ, ಮೊಲ ಹಿಡಸೂದು ಬ್ಯಾಟಿ ಆಗ್ತದ, 1972ರ ವನ್ಯಜೀವಿ ಕಾಯ್ದಿ ಪ್ರಕಾರ ಅಪರಾಧ. ಆಕಿಗೆ ಓಡಾಕ ಅಂತ ನಮ್ಮದ ಮುಳ್ಳಬೇಲಿ ಹಾಕಿದ ಹೊಲ ಐತಿ, ಅಲ್ಲಿ ಬಿಟ್ಟ ಬಿಡ್ತೀನಿ. ಆಕಿ ಓಡೂದ ನೋಡಾಕ ಪಕ್ಕದ ಹೊಲದವ್ರೂ ಕೆಲಸ ಬಿಟ್ಟು ನಿಂದರ್ತಾರ. ಓಡಿ ಬಂದ್ಮ್ಯಾಲೆ ಒಮ್ಮೆಲೇ ನೀರು ಕುಡಸಬಾರದು, ತೇಕು ಇಳಿದ ಮ್ಯಾಲೆ ಸ್ವಲ್ಪ ಸ್ವಲ್ಪ.

ಬಯಲುಸೀಮ್ಯಾಗ ನೋಡಬೇಕಾದ್ದು ಬ್ಯಾರೇನ ಐತ್ರಿ. ಒಂದು, ಹೊಲದಾಗಿನ ಹಳೇ ಬಾವಿ. ಕಟ್ಟಿ ಇರಂಗಿಲ್ಲ, ಸುತ್ತ ಹುಲ್ಲು ಬೆಳದಿರ್ತೈತಿ, ಓಡೂ ನಾಯಿಗೆ ಗೊತ್ತಾಗೂದ ಇಲ್ಲ. ಗೊತ್ತಿಲ್ಲದ ಹೊಲದಾಗ ನಾಯಿ ಬಿಡಬ್ಯಾಡ್ರಿ. ಇನ್ನ ನೆಗ್ಗಿಲ ಮುಳ್ಳು, ಪಾದಕ್ಕ ಚುಚ್ಚಿದ ಕೂಡ್ಲೇ ಮೂರು ಕಾಲ್ಮ್ಯಾಲೆ ನಿಂತು ನಿಮ್ಮ ಮುಖ ನೋಡ್ತಾವ, ತಗದ್ರ ಮುಗೀತು. ಅದಕ್ಕಿಂತ ಕೆಟ್ಟದ್ದು ಒಣಗಿದ ಹುಲ್ಲಿನ ಚೂಪನ ಕಾಳು, ನಮ್ಮ ಧೋತರಕ್ಕ ಹತ್ತತಾವಲ್ಲ ಅವು. ಬೆರಳ ಸಂದ್ಯಾಗ, ಕಿವ್ಯಾಗ ಹೊಕ್ಕರ ಹಿಂದ ಬರಂಗಿಲ್ಲ, ಒಳಗ ಒಳಗ ಹೋಗಿ ಕೀವ ಆಗ್ತೈತಿ. ತಲಿ ಒಂದ ಕಡೆ ವಾಲಿಸಿ ಕಿವಿ ಝಾಡಸಾಕತ್ರ ಡಾಕ್ಟರ ಕಡೆ ಒಯ್ರಿ. ಎರಿ ಮಣ್ಣು ಹಸಿ ಇದ್ದಾಗ ಬೆರಳ ನಡುವ ಹತ್ತಿ ಒಣಗಿದ್ರ ಕಲ್ಲಿನಂಗ ಆಗ್ತೈತಿ, ಕಿತ್ತ ತಗೀಬ್ಯಾಡ್ರಿ, ಉಗುರುಬೆಚ್ಚಗಿನ ನೀರಾಗ ಕಾಲಿಟ್ಟು ಕೂಡಸ್ರಿ. ಹತ್ತಿ, ತೊಗರಿಗೆ ಎಣ್ಣಿ ಹೊಡೀತಿದ್ರ ಆ ಹೊಲದ ಹಾದಿ ಬಿಟ್ಟು ದೂರದಿಂದ ಹೋಗ್ರಿ, ನಾಯಿ ಪಾದ ನೆಕ್ಕತಾವು.

ಭೂಮಿ ಹುಣ್ಣಿಮಿ ಅಂದ್ರಲ್ಲ ಮ್ಯಾಲಿನವ್ರು, ನಮಗದು ಸೀಗಿ ಹುಣ್ಣಿಮಿ. ಚಕ್ಕಡಿ ಕಟ್ಟಿ, ಈಗ ಟ್ರ್ಯಾಕ್ಟರ್ ಅನ್ರಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ, ಕಡಬು, ಹೋಳಗಿ, ಬುತ್ತಿ ಕಟಗೊಂಡು ಮನಿಮಂದಿ ಎಲ್ಲಾ ಹೊಲಕ್ಕ ಹೋಗಿ ಚರಗ ಚೆಲ್ಲಿ ಬನ್ನಿ ಗಿಡದ ನೆರಳಿಗೆ ಉಣ್ಣೂದು. ರಾಣಿ ಅವತ್ತು ಮುಂಜಾನಿಂದ ಟ್ರ್ಯಾಲಿ ಹತ್ರಾನ ಮಕ್ಕೊಂಡಿರ್ತಾಳ, ಬಿಟ್ಟು ಹೋದಾರು ಅಂತ.

ಚುಕ್ಕಿ_ಅಮ್ಮ:

ಎಲ್ರೂ ಎಷ್ಟು ಮನಸ್ಸಿಟ್ಟು ಬರೆದಿದೀರಾ, ತುಂಬಾ ತುಂಬಾ ಥ್ಯಾಂಕ್ಸ್. ಡಾಕ್ಟ್ರೇ, ಲೆಪ್ಟೊ ಬಗ್ಗೆ ಕೇಳ್ತೀನಿ, ಅಪಾಯಿಂಟ್‌ಮೆಂಟ್ ತಗೊಂಡಾಯ್ತು. ರಾಣಿ ಬಗ್ಗೆ ಓದಿ ಮನೇಲಿ ಎಲ್ರಿಗೂ ಓದಿ ಹೇಳಿದೆ. ಇನ್ನೆರಡು ಪ್ರಶ್ನೆ. ಚಿರತೆ ಬಗ್ಗೆ ಯಾರೂ ಹೇಳ್ಲಿಲ್ಲ. ಮತ್ತೆ ದಾರೀಲಿ ದನ, ಕುರಿ ಮಂದೆ ಎದುರು ಬಂದ್ರೆ ಚುಕ್ಕಿ ಬೊಗಳ್ತಾಳೆ, ಬೆಂಗಳೂರಲ್ಲಿ ಅವಳು ಕುರಿ ನೋಡಿರೋದೇ ಕಮ್ಮಿ, ಏನ್ ಮಾಡ್ಲಿ?

ಕುಣಿಗಲ್_ಹುಡುಗ:

ಅಕ್ಕ, ಚಿರತೆ ವಿಷಯ ನಾನು ಹೇಳ್ತೀನಿ, ನಮ್ಮ ತುಮಕೂರು, ಕುಣಿಗಲ್, ಮಾಗಡಿ ಕಡೆ ಬಂಡೆ ಗುಡ್ಡ ಇರೋ ಊರೆಲ್ಲ ಚಿರತೆ ಇರೋ ಊರೇ. ಅದಕ್ಕೆ ನಾಯಿ ಅಂದ್ರೆ ಸುಲಭದ ಊಟ, ಮನೆ ಮುಂದೆ ಕಟ್ಟಿರೋದನ್ನೇ ಎತ್ಕೊಂಡು ಹೋಗುತ್ತೆ. ಹಗಲು ಹೊತ್ತಲ್ಲಿ ಮನುಷ್ಯರ ಜೊತೆ ನಡೆಯೋ ನಾಯಿ ಮೇಲೆ ಬೀಳೋದು ಅಪರೂಪ. ಸೂರ್ಯ ಮುಳುಗೋ ಅರ್ಧ ಗಂಟೆ ಮುಂಚೆ ಮನೆ ಸೇರ್ಕೊಳ್ಳಿ, ಬೆಳಿಗ್ಗೆ ಪೂರ್ತಿ ಬೆಳಕಾದ್ಮೇಲೆ ಹೊರಡಿ, ರಾತ್ರಿ ಅವಳನ್ನ ಬಾಗಿಲು ಹಾಕೋ ಕೋಣೆಯೊಳಗೆ ಮಲಗಿಸಿ, ಜಗಲೀಲಿ ಬೇಡ. ರಾತ್ರಿ ಉಚ್ಚೆಗೆ ಹೊರಗೆ ಬಿಡಬೇಕಾದ್ರೆ ಲೈಟ್ ಹಾಕಿ, ಬೆಲ್ಟ್ ಹಿಡಿದು ನೀವೂ ಜೊತೆಗೆ ನಿಲ್ಲಿ. ಅಭಯಾರಣ್ಯ, ನ್ಯಾಷನಲ್ ಪಾರ್ಕ್ ಒಳಗೆ ನಾಯಿ ಕರ್ಕೊಂಡು ಹೋಗೋ ಹಾಗೇ ಇಲ್ಲ, ಶರಾವತಿ ಕಣಿವೆ ಕಡೆ ಹೋಗೋ ಪ್ಲಾನ್ ಇದ್ರೆ ಅದು ನೆನಪಿರ್ಲಿ.

ನಮ್ಮ ಕಡೆ ಈಗ ರಾಗಿ ತೆನೆ ಬಿಡೋ ಟೈಮು. ನಾನು ಭಾನುವಾರ ನಮ್ಮ ಭೀಮನ್ನ ಕರ್ಕೊಂಡು ಕೆರೆ ಏರಿ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರ್ತೀನಿ, ಕೆರೆ ತುಂಬಿದ್ರೆ ಕೋಡಿ ನೀರಲ್ಲಿ ಅವನು ಹೊಟ್ಟೆ ಊರ್ಕೊಂಡು ಕೂತ್ಬಿಡ್ತಾನೆ, ಎದ್ದೇಳು ಅಂದ್ರೆ ಮುಖ ಆ ಕಡೆ ತಿರುಗಿಸ್ತಾನೆ. ಇನ್ನೊಂದು ತಿಂಗಳಿಗೆ ಅವರೆ ಸೊಗಡು ಶುರುವಾಗುತ್ತೆ, ಆ ಘಮಲಲ್ಲಿ ನಾಯಿ ಜೊತೆ ನಡೆಯೋದು ನನಗೆ ವರ್ಷದಲ್ಲೇ ಇಷ್ಟವಾದ ವಾರ.

ಯಾರ್ಕ್‌ಷೈರ್_ಕನ್ನಡತಿ:

ನಾನು ಮೈಸೂರಿನವಳು, ಈಗ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಪಕ್ಕದಲ್ಲಿ ಇದೀನಿ. ಕುರಿ ವಿಷಯ ಬಂತಲ್ಲ, ನಮ್ಮ ಸುತ್ತ ಜನಕ್ಕಿಂತ ಕುರಿ ಜಾಸ್ತಿ. ಇಲ್ಲಿ ರೈತರ ಹೊಲದ ಮಧ್ಯದಲ್ಲೇ ಸಾರ್ವಜನಿಕ ಕಾಲುದಾರಿ ಹೋಗುತ್ತೆ, ಯಾರು ಬೇಕಾದ್ರೂ ನಾಯಿ ಜೊತೆ ನಡೀಬಹುದು, ಆದ್ರೆ ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗ್ಬೇಕು, ಕುರಿ ದನ ಇದ್ರೆ ಬೆಲ್ಟ್ ಹಾಕ್ಲೇಬೇಕು. ನಾಯಿ ಕುರಿ ಮೇಲೆ ಬಿದ್ರೆ, ತಡೆಯೋಕೆ ಬೇರೆ ದಾರಿನೇ ಇಲ್ಲದಾಗ ರೈತ ಗುಂಡು ಹೊಡೆದ್ರೂ 1971ರ ಕಾನೂನಲ್ಲಿ ಅವನಿಗೆ ರಕ್ಷಣೆ ಇದೆ. ಅಕ್ಟೋಬರ್‌ನಿಂದ ಬೆಟ್ಟದ ಮೇಲಿನ ಜರೀಗಿಡವೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗುತ್ತೆ, ಟಗರುಗಳನ್ನ ಹೆಣ್ಣು ಕುರಿಗಳ ಜೊತೆ ಬಿಡೋ ಕಾಲನೂ ಇದೇ. ಟಗರಿನ ಎದೆಗೆ ಬಣ್ಣ ಬಳಿದಿರ್ತಾರೆ, ಯಾವ ಕುರಿಯ ಬೆನ್ನ ಮೇಲೆ ನೀಲಿ ಕೆಂಪು ಗುರುತು ಬಿದ್ದಿದೆ ಅಂತ ನೋಡಿ ರೈತ ಲೆಕ್ಕ ಇಟ್ಕೊಳ್ತಾನೆ. ಆಗ ನಾಯಿ ಅಟ್ಟಿಸಿದ್ರೆ ಅವನಿಗೆ ಆಗೋ ನಷ್ಟ ದೊಡ್ಡದು. ನಮ್ಮ ಟಾಫಿ ಸ್ಪ್ಯಾನಿಯಲ್, ಅವನಿಗೆ ಮರಿಯಲ್ಲಿದ್ದಾಗಿಂದ ಕುರಿ ಕಂಡ್ರೆ ನನ್ನ ಮುಖ ನೋಡ್ಬೇಕು, ನೋಡಿದ್ರೆ ಚೀಸ್ ತುಂಡು ಅಂತ ಅಭ್ಯಾಸ. ದೂರದಿಂದ ಶುರು ಮಾಡಿ, ಚುಕ್ಕಿ ಕುರಿ ನೋಡಿದ್ಲು ಆದ್ರೆ ಇನ್ನೂ ಬೊಗಳಿಲ್ಲ ಅನ್ನೋ ದೂರದಲ್ಲೇ ಹೆಸರು ಕರೆದು ತಿಂಡಿ ಕೊಡಿ, ದಿನಾ ಸ್ವಲ್ಪ ಸ್ವಲ್ಪ ಹತ್ರ.

ದನದ ಬಗ್ಗೆ ಇಲ್ಲಿ ಹೇಳಿಕೊಡೋ ಒಂದು ಮಾತು ನಿಮ್ಮ ಮಲೆನಾಡಲ್ಲೂ ಉಪಯೋಗಕ್ಕೆ ಬರುತ್ತೆ. ಕರು ಜೊತೆ ಇರೋ ಹಸುವಿನ ಹತ್ರ ನಾಯಿ ಒಯ್ಯಬೇಡಿ. ಹಸು ನಿಮ್ಮನ್ನ ಅಟ್ಟಿಸ್ಕೊಂಡು ಬಂದ್ರೆ ಬೆಲ್ಟ್ ಕೈಬಿಡಿ, ಅದಕ್ಕೆ ಕೋಪ ನಾಯಿ ಮೇಲೆ, ನಾಯಿ ನಿಮಗಿಂತ ಜೋರಾಗಿ ಓಡಿ ತಪ್ಪಿಸ್ಕೊಳ್ಳುತ್ತೆ.

ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತಾರೆ, ಆಮೇಲೆ ಇಲ್ಲಿ ಆಫೀಸ್ ಮುಗಿಸಿ ಬರೋ ಹೊತ್ತಿಗೆ ಕತ್ತಲೆ. ಅದಕ್ಕೆ ಅಲ್ಲಿವರೆಗಿನ ಒಂದೊಂದು ಸಂಜೇನೂ ಟಾಫಿಗೇ ಮೀಸಲು. ನಿಮಗೆ ಆರು ಗಂಟೆ ತನಕ ಬೆಳಕಿದೆ, ಪುಣ್ಯ ಮಾಡಿದೀರಿ.

ಮುಧೋಳ_ಸೀಮಿ:

ಯಾರ್ಕ್‌ಷೈರ್ ಅಕ್ಕಾರ ಹೇಳಿದ್ದು ಖರೇ ಐತಿ. ನಮ್ಮ ಕುರುಬರ ಮಂದಿ ಬಗ್ಗೆನೂ ಹೇಳತೀನಿ. ಸುಗ್ಗಿ ಮುಗಿದಂಗ ಮುಗಿದಂಗ ಕುರಿ ಹೊಡಕೊಂಡು ಊರಿಂದೂರಿಗೆ ಹೊಂಡತಾರ, ರೈತರು ಗೊಬ್ಬರಕ್ಕಂತ ರಾತ್ರಿ ಹೊಲದಾಗ ಕುರಿ ನಿಂದರಸ್ಕೋತಾರ, ಅದಕ್ಕ ಕಾಳು ಇಲ್ಲಾ ರೊಕ್ಕ ಕೊಡ್ತಾರ. ಆ ಮಂದಿ ಜೋಡಿ ನಾಯಿ ಇರ್ತಾವ, ಕೆಲವಕ್ಕ ಕೊರಳಾಗ ಮುಳ್ಳಿನ ಪಟ್ಟಿ, ತೋಳ ಚಿರತಿ ಕುತ್ತಿಗಿಗೆ ಬಾಯಿ ಹಾಕಬಾರದಂತ. ಅವು ತಮ್ಮ ಕುರಿ ಕಾಯೂ ಕೆಲಸದಾಗ ಇರ್ತಾವ, ಹೊರಗಿನ ನಾಯಿ ಹತ್ರ ಬಂದ್ರ ಬಿಡಂಗಿಲ್ಲ. ದೂರದಿಂದನ ಕುರುಬಣ್ಣನ್ನ ಕೂಗಿ ಕೇಳ್ರಿ, ಅಂವ ಒಂದ ಸಿಳ್ಳೆ ಹಾಕಿದ್ರ ಅವು ಕುಂತಬಿಡ್ತಾವ, ಆಮ್ಯಾಲೆ ಗಾಳಿಗೆ ಎದುರಾಗಿ ಸುತ್ತು ಹಾಕಿ ಹೋಗ್ರಿ. ಊರ ನಾಯಿಗೂ ಅದ ಮಾತು, ಅವುಕ್ಕ ಓಣಿ ಅಂದ್ರ ಮನಿ. ಮೊದಲೆರಡ ದಿನ ನಿಮ್ಮ ಅತ್ತಿ ಮನಿ ನಾಯಿ ಇದ್ರ ಅದನ್ನೂ ಜೋಡಿ ಕರಕೊಂಡ ತಿರಗ್ರಿ, ಉಳಿದವು ತಾವ ಸುಮ್ಮನಾಗ್ತಾವ. ಚುಕ್ಕಿ ಕಾಲಾಗ ಬಾಲ ಸಿಕ್ಕಿಸ್ಕೊಂಡ್ರ ಎಳೀಬ್ಯಾಡ್ರಿ, ನೀವೂ ಆಕಿ ಜೋಡಿ ನಿಂದರ್ರಿ.

ತೀರ್ಥಳ್ಳಿ_ಕಡೆಯವ:

ಇನ್ನೊಂದು ನೆನಪಾಯ್ತು ಅಕ್ಕಾ, ನಿಮ್ಮ ಊರಿನ ದನ ಬಹುಶಃ ಮಲೆನಾಡು ಗಿಡ್ಡ ಇರ್ತವೆ, ನೋಡೋಕೆ ಪುಟ್ಟದು, ಆದ್ರೆ ಕರು ಹಾಕಿದ್ದು ನಾಯಿ ಕಂಡ್ರೆ ತಲೆ ತಗ್ಗಿಸಿ ಬಂದೇಬಿಡುತ್ತೆ. ಬಲಿಪಾಡ್ಯಮಿ ದಿನ ಗೋಪೂಜೆ ಆದ್ಮೇಲೆ ಚೆಂಡು ಹೂವು, ಅಡಿಕೆ, ಪಚ್ಚೆತೆನೆ ಸರ ಹಾಕಿ ದನಾನೆಲ್ಲ ಒಟ್ಟಿಗೆ ಬಿಡ್ತಾರೆ, ಹುಡುಗ್ರು ಕೂಗ್ತಾ ಹಿಂದೆ ಓಡ್ತಾರೆ, ಜಾಗಟೆ, ಪಟಾಕಿ ಎಲ್ಲ ಇರುತ್ತೆ. ಅಷ್ಟು ಹೊತ್ತು ಚುಕ್ಕೀನ ಒಳಗಿನ ಕೋಣೇಲಿ ಕಿಟಕಿ ಹಾಕಿ ಫ್ಯಾನ್ ಜೋರಾಗಿಟ್ಟು ಯಾರಾದ್ರೂ ಜೊತೆಗೆ ಕೂತಿರಿ. ಪಟಾಕಿ ಸದ್ದಿಗೆ ಹೆದರಿ ಹೊಸ ಊರಲ್ಲಿ ಓಡಿಹೋದ್ರೆ ದಾರಿ ಗೊತ್ತಿರಲ್ಲ, ಅದಕ್ಕೆ ಬೆಲ್ಟ್ ಮೇಲೆ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಹಬ್ಬದ ಆ ಮೂರು ದಿನ ಬಿಚ್ಚಲೇಬೇಡಿ.

ಮಧ್ಯಾಹ್ನಕ್ಕೆಲ್ಲ ಗಲಾಟೆ ಮುಗಿಯುತ್ತೆ, ಊಟ ಮಾಡಿ ಊರೆಲ್ಲ ಮಲಗಿರುತ್ತೆ. ನಾಲ್ಕು ಗಂಟೆಗೆ ಅವಳನ್ನ ಕರ್ಕೊಂಡು ಹಳ್ಳದ ಕಡೆ ಹೊರಡಿ, ಅವತ್ತು ಗದ್ದೆ ಬಯಲಲ್ಲಿ ಕೆಲಸಕ್ಕೆ ಯಾರೂ ಬರಲ್ಲ, ಇಡೀ ಬಯಲು ಅವಳದ್ದೇ. ಯಾವ ತಾರೀಕು ಹೊರಡ್ತೀರಿ ಅಂತ ತಿಳಿಸಿ, ದಾರೀಲಿ ನಾಯಿ ಇಳಿಸಿ ನೀರು ಕುಡಿಸೋಕೆ ನೆರಳಿರೋ ಜಾಗ ಶಿವಮೊಗ್ಗ ದಾಟಿದ್ಮೇಲೆ ಎಲ್ಲೆಲ್ಲಿದೆ ಅಂತ ಬರೆದು ಹಾಕ್ತೀನಿ.